ಊಟ ಮಾಡದ ನಾಯಕ

ತುರುಬಿನಿಂದ ಒಂದು ಕಪ್ಪು ಪಿನ್ನು ಕಿತ್ತು, ಅದರ ತುದಿಯನ್ನು ಲಕೋಟೆಯ ಮೂಲೆಗೆ ತೂರಿಸಿ, ಕಾಗದ ಹರಿಯದಂತೆ ಅಂಟು ಬಿಡಿಸುತ್ತಿದ್ದರು ನಮ್ಮ ವಾರ್ಡನ್ ಬಾಯಿ. ಓದಿ ಮುಗಿದ ಮೇಲೆ ಪಿನ್ನು ಮತ್ತೆ ತುರುಬಿಗೆ, ಪತ್ರ ನಮ್ಮ ಕೈಗೆ. "ಮನ್ಯಾಗ ಎಲ್ಲಾರೂ ಆರಾಮ ಅದಾರ," ಎಂದು ನಾವು ಓದುವ ಮೊದಲೇ ಹೇಳಿಬಿಡುವರು.

ಎಂಬತ್ತರ ದಶಕದ ಕೊನೆಯ ವರ್ಷಗಳು. ಚಿಕ್ಕೋಡಿಯ ಆ ಹುಡುಗಿಯರ ಹಾಸ್ಟೆಲ್ಲಿಗೆ ಬರುವ, ಅಲ್ಲಿಂದ ಹೋಗುವ ಪತ್ರಗಳೆಲ್ಲ ಆ ಪಿನ್ನಿಗೆ ಸಿಕ್ಕೇ ಹೋಗಬೇಕು. ಯಾವಳಿಗಾದರೂ ಹುಡುಗನ ಪತ್ರ ಬಂದರೆ ಮನೆಗೆ ತಿಳಿಸುತ್ತಿರಲಿಲ್ಲ. ಕೋಣೆಗೆ ಕರೆದು, ಕದ ಹಾಕಿ, ಮನಸಾರೆ ಬೈದು, ಪತ್ರವನ್ನು ಒಲೆಗೆ ಹಾಕುತ್ತಿದ್ದರು. ನನಗೆ ಅವರನ್ನು ಕಂಡರೆ ಮೈ ಉರಿಯುತ್ತಿತ್ತು. ಇವತ್ತಿಗೂ ಆ ಪಿನ್ನನ್ನು ನಾನು ಕ್ಷಮಿಸಿಲ್ಲ.

ನನಗೆ ಪ್ರೇಮಕತೆ ಬರೆಯುವ ಹುಚ್ಚು. ಪ್ರೇಮವೆಂದರೆ ಏನೆಂದು ಗೊತ್ತಿರಲಿಲ್ಲ, ಅದಕ್ಕೇ ಧಾರಾಳವಾಗಿ ಬರೆಯುತ್ತಿದ್ದೆ. ಸ್ಫೂರ್ತಿ ಬೇಕೆನಿಸಿದರೆ ಮಾಳಿಗೆ ಹತ್ತಿ ಚಂದ್ರನನ್ನು ನೋಡುವುದು. ನಾಯಕಿ ತನ್ನ ಶ್ರೀಕಾಂತನಿಗೆ ಬರೆದ ಪತ್ರಗಳೇ ಕತೆಯಾಗಿದ್ದ ಹನ್ನೊಂದು ಹಾಳೆಗಳನ್ನು ದೀಪಾವಳಿ ರಜೆಯಲ್ಲಿ ಅಥಣಿ ಕಡೆಯ ಅನಂತಪುರದ ನಮ್ಮ ಮನೆಯ ಹಾಸಿಗೆಯ ಕೆಳಗೆ ಮರೆತುಬಂದೆ. ಅವು ಅಪ್ಪನ ತಮ್ಮ, ನಮ್ಮ ಕಾಕಾನ ಕೈಗೆ ಸಿಕ್ಕವು.

ದ್ರಾಕ್ಷಿಗೆ ಔಷಧ ಹೊಡೆಯುವುದನ್ನು ಬಿಟ್ಟು ಅಪ್ಪ, ಕಾಕಾ ಇಬ್ಬರೂ ಬೆಳಗಿನ ಬಸ್ಸಿಗೆ ಬಂದಿಳಿದರು. ಅಪ್ಪ ನನ್ನೊಡನೆ ಮಾತಾಡಲಿಲ್ಲ. ಕಾಕಾನೇ ನನ್ನ ಚೀಲ ತುಂಬಿಸಿ, ವಾರ್ಡನ್ ಬಾಯಿಯ ಕೋಣೆಯ ಹೊಸ್ತಿಲ ಹೊರಗೆ ಇಡಿಸಿದ. ಕಾಲೇಜು ಸಾಕು, ರಾಯಬಾಗದ ಕಡೆ ಒಂದು ಮನೆತನ ನೋಡಿಟ್ಟಿದ್ದಾರೆ, ಒಂದು ಗಂಟೆಯ ಅಥಣಿ ಬಸ್ಸಿಗೆ ಹೊರಡಬೇಕು. ಗಡಿಯಾರದಲ್ಲಿ ಹನ್ನೆರಡೂವರೆ.

"ಈ ಶ್ರೀಕಾಂತ ಯಾರ ಅಂತ ಕೇಳ್ರಿ ಬಾಯಾರ," ಎಂದು ಕಾಕಾ ಹಾಳೆಗಳನ್ನು ಮೇಜಿನ ಮೇಲಿಟ್ಟ.

"ಕತಿ ಐತ್ರಿ ಅದು," ಎಂದೆ.

"ಕತಿ ಅಂತ. ಮನಿಮಂದಿ ಏನ ಹುಚ್ಚರ ಅದಾರೇನ?"

ವಾರ್ಡನ್ ಬಾಯಿ ಚಷ್ಮಾ ಹಾಕಿಕೊಂಡು ಓದತೊಡಗಿದರು. ಹನ್ನೊಂದು ಹಾಳೆ, ಒಂದೂ ಬಿಡಲಿಲ್ಲ. ಕೊನೆಯ ಹಾಳೆ ಮಗುಚಿ ಚಷ್ಮಾ ತೆಗೆದರು.

"ಸುಳ್ಳ ಐತ್ರಿ ಇದು."

ನನ್ನ ಕತೆ ಮುಗಿಯಿತು ಅಂದುಕೊಂಡೆ. ಅವರು ಅಪ್ಪನ ಕಡೆಗೇ ನೋಡುತ್ತ ಮಾತು ಮುಂದುವರಿಸಿದರು.

"ಹನ್ನೆರಡ ವರ್ಷ ಆತು, ಇಲ್ಲಿ ಹುಡುಗ್ಯಾರ ಪತ್ರ ಒಡದ ಓದಾಕತ್ತೇನಿ. ಖರೇನ ಮನಸ ಕೊಟ್ಟಾಕಿ ಹೀಂಗ ಬರ್ಯಾಂಗಿಲ್ಲ. ಊಟ ಮಾಡಿದೇನು, ಕೆಮ್ಮ ಹೋತೇನು, ಎಷ್ಟರ ಬಸ್ಸಿಗಿ ಬರ್ತಿ, ಇಷ್ಟ ಬರೀತಾಳ. ಇದರಾಗ ಚಂದ್ರ ಏಳ ಸಲ ಬಂದಾನ. ಆ ಹುಡುಗ ಒಮ್ಮಿನೂ ಊಟ ಮಾಡಿಲ್ಲ. ಹಂತಾ ಮನಷ್ಯಾ ಎಲ್ಲೂ ಇಲ್ರಿ."

ಕಾಕಾ ಬಿಡುವವನಲ್ಲ. "ಹಂಗಾರ ಖರೇ ಪತ್ರ ಒಂದ ತೋರಸ್ರಿ. ಎರಡೂ ಹೋಲಿಸಿ ನೋಡೂಣು."

ಮೇಜಿನ ಖಾನೆಯಲ್ಲಿ ಅಂಥದೊಂದು ಪತ್ರ ಇತ್ತು. ನನ್ನ ಕೋಣೆಯ ಗೆಳತಿ ಹುಡುಗನೊಬ್ಬನಿಗೆ ಬರೆದದ್ದು, ಅಂದು ಬೆಳಿಗ್ಗೆಯಷ್ಟೇ ಸಿಕ್ಕಿಬಿದ್ದಿತ್ತು. ಅವಳೂ ಕಾಕಾನಿಗೆ ಗೊತ್ತಿರುವ ಮನೆಯವಳೇ. ವಾರ್ಡನ್ ಬಾಯಿಯ ಕೈ ಖಾನೆಯ ಹಿಡಿಯ ಮೇಲೆ ಹೋಯಿತು. ತೆಗೆದರೆ ನಾನು ಉಳಿಯುತ್ತೇನೆ, ಅವಳು ಹೋಗುತ್ತಾಳೆ. ನಾಚಿಕೆಗೇಡು, ಆದರೂ ಹೇಳಿಬಿಡುತ್ತೇನೆ: ತೆಗೆಯಲಿ ಅಂತಲೇ ನನ್ನ ಮನಸ್ಸು ಬೇಡುತ್ತಿತ್ತು.

ಅವರು ಖಾನೆಗೆ ಕೀಲಿ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಮಂದಿ ಮಕ್ಕಳ ಪತ್ರ ತೋರಸಾಂಗಿಲ್ಲ. ನನ್ನ ಮಾತು ಸಾಲದಿದ್ರ ಕರಕೊಂಡ ಹೋಗ್ರಿ."

ಗಡಿಯಾರದಲ್ಲಿ ಒಂದಕ್ಕೆ ಹತ್ತು ನಿಮಿಷ. ಅಪ್ಪ ಎದ್ದು ಹೊರಗೆ ಹೋಗಿ ಚೀಲ ಎತ್ತಿಕೊಂಡ. ನಾನೂ ಎದ್ದೆ. ಅಪ್ಪ ಆ ಚೀಲವನ್ನು ತಂದು ಹೊಸ್ತಿಲ ಒಳಗೆ ಇಟ್ಟು, "ಪರೀಕ್ಷಾ ಯಾವಾಗ ಐತಿ?" ಎಂದು ಕೇಳಿದ.

ಅವರು ಹೋದ ಮೇಲೆ ನಾನು ಬಿಕ್ಕಿ ಬಿಕ್ಕಿ ಅತ್ತೆ. ಉಳಿದೆನೆಂಬ ಸಮಾಧಾನಕ್ಕಿಂತ, ಕತೆ ಅಷ್ಟು ಕೆಟ್ಟದಾಗಿದೆಯಲ್ಲ ಎಂಬ ಅವಮಾನವೇ ಹೆಚ್ಚಾಗಿತ್ತು. ವಾರ್ಡನ್ ಬಾಯಿ ಹಾಳೆಗಳನ್ನು ನನ್ನ ಕೈಗಿತ್ತರು. "ಬರಿ, ಬ್ಯಾಡ ಅನ್ನಾಂಗಿಲ್ಲ. ಮೊದಲ ಆ ಹುಡುಗಗ ಊಟಕ್ಕ ಹಾಕು."

ಅಂದಿನಿಂದ ಮಾಳಿಗೆ ಹತ್ತುವುದನ್ನು ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಕೂತು ಜನರ ಮಾತು ಕೇಳತೊಡಗಿದೆ. ಬಿ.ಎ. ಮುಗಿಸಿದೆ, ರಾಯಬಾಗದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಕೆಲಸ ಹೊಟ್ಟೆಗೆ, ಪ್ರೇಮಕತೆ ಹವ್ಯಾಸಕ್ಕೆ. ತೊಂಬತ್ತರ ದಶಕದ ನಡುವೆ ಒಂದು ವಾರಪತ್ರಿಕೆಯಲ್ಲಿ ನನ್ನ ಕತೆ ಅಚ್ಚಾಯಿತು. ನಾಯಕ ಅದರಲ್ಲಿ ರೊಟ್ಟಿ, ಝುಣಕಾ ಉಣ್ಣುತ್ತಾನೆ. ನಿವೃತ್ತರಾಗಿ ನಿಪ್ಪಾಣಿಯಲ್ಲಿದ್ದ ವಾರ್ಡನ್ ಬಾಯಿಗೆ ಒಂದು ಪ್ರತಿ ಕಳಿಸಿ, ನನಗೆ ಹದಿನೈದು ದಿನದಿಂದ ಕೆಮ್ಮು ಎಂದೂ ಜೊತೆಗೆ ಬರೆದೆ.

ಅವರಿಂದ ಒಂದು ಕಾರ್ಡು ಬಂತು. "ಕತಿ ಮುಟ್ಟಿತು. ಕೆಮ್ಮ ಹೋತೇನು? ಹೊತ್ತಿಗಿ ಸರಿಯಾಗಿ ಊಟ ಮಾಡು. ನಿಪ್ಪಾಣಿಗಿ ಬರೂದಿದ್ರ ಒಂಬತ್ತರ ಬಸ್ಸಿಗಿ ಬಾ, ಸೀಟ ಸಿಗತೈತಿ."

ಕತೆ ಹೇಗಿದೆಯೆಂದು ಒಂದು ಮಾತೂ ಇಲ್ಲವಲ್ಲ ಎಂದು ನನಗೆ ಸಿಟ್ಟು ಬಂತು. ಕಾರ್ಡನ್ನು ಪುಸ್ತಕವೊಂದರಲ್ಲಿ ತುರುಕಿದೆ. ಪರೀಕ್ಷೆ, ಪೇಪರು ತಿದ್ದುವುದು ಎಂದು ಎರಡು ತಿಂಗಳು ಕಳೆದೆ. ಆಮೇಲೆ ಅವರು ತೀರಿಹೋದರೆಂಬ ಸುದ್ದಿ ಬಂತು. ಆ ದಿನ ವಿಳಾಸಕ್ಕಾಗಿ ಕಾರ್ಡನ್ನು ಹುಡುಕಿ ತೆಗೆದು ಇನ್ನೊಮ್ಮೆ ಓದಿದೆ. ಕೆಮ್ಮು, ಊಟ, ಬಸ್ಸು. ಖರೇ ಪತ್ರ ಹೇಗಿರುತ್ತದೆಂದು ನನಗೆ ಕಲಿಸಿದವರೇ ಬರೆದಿದ್ದರು, ನನಗೆ ಅದರ ಗುರುತು ಸಿಕ್ಕಿರಲಿಲ್ಲ.

ಒಂಬತ್ತರ ಬಸ್ಸಿಗೇ ಹೋದೆ. ಸೀಟು ಸಿಕ್ಕಿತು.