ಒದ್ದು ಅಂದನೋ, ವದ್ದು ಅಂದನೋ

ಎಂಬತ್ತರ ದಶಕದ ನಡುವೆ, ಆಂಧ್ರದ ಗಡಿಸೀಮೆಯ ಆದವಾನಿಯಲ್ಲಿ, ಒಂದೇ ಕಚೇರಿಯ ನಾವು ನಾಲ್ವರು ಭಾನುವಾರ ಮಧ್ಯಾಹ್ನ ನನ್ನ ಬಾಡಿಗೆ ಕೋಣೆಯಲ್ಲಿ ಕೂತು ಕತ್ತಿಕಾಳಗ ಆಡುತ್ತಿದ್ದೆವು. ಕತ್ತಿ ಹಾಗಿರಲಿ, ಕೋಣೆಯಲ್ಲಿ ಈರುಳ್ಳಿ ಹೆಚ್ಚುವ ಚಾಕೂ ಇರಲಿಲ್ಲ, ಎಲ್ಲ ಬಾಯಲ್ಲೇ. ನನ್ನ ಭಾವ ಮುಂಬಯಿಯಿಂದ ತಂದ ಇಂಗ್ಲಿಷ್ ಪುಸ್ತಕದ ಆಟ ಅದು. ಒಬ್ಬೊಬ್ಬರು ಒಬ್ಬೊಬ್ಬ ವೀರನಾಗಬೇಕು, ಏನು ಮಾಡುತ್ತೇನೆಂದು ಹೇಳಬೇಕು, ಆಮೇಲೆ ದಾಳ. ಆ ಪುಸ್ತಕದ ಚಿತ್ರವಿಚಿತ್ರ ದಾಳ ನಮಗೆಲ್ಲಿ ಸಿಗಬೇಕು? ಕವಡೆ ಹಾಕುತ್ತಿದ್ದೆವು. ಕಥೆ ಹೇಳುವವನೂ ನಾನೇ, ತೀರ್ಪು ಕೊಡುವವನೂ ನಾನೇ.

ಎದುರಾಳಿಯ ಆಯುಧ ಬೀಳಿಸುವ ನಿಯಮ ಪುಸ್ತಕದಲ್ಲಿ ಅರ್ಥವಾಗದೆ ನಾನೇ ಒಂದು ಹೊಸೆದಿದ್ದೆ. ಇಬ್ಬರೂ ಕವಡೆ ಹಾಕಬೇಕು. ಸೋತವನ ಕತ್ತಿ ನೆಲಕ್ಕೆ. ಅದನ್ನು ಹೇಗೆ ಮರಳಿ ಹಿಡಿಯುತ್ತಾನೆಂದು ಹೇಳಲು ಅವನಿಗೆ ಒಂದೇ ಅವಕಾಶ, ತಪ್ಪಿದರೆ ಅವನ ವೀರ ಸತ್ತಂತೆ. ಬಾಯಿಂದ ಮೊದಲು ಬಿದ್ದ ಮಾತೇ ಮಾತು, ತಿದ್ದುವಂತಿಲ್ಲ.

ನಮ್ಮಲ್ಲೊಬ್ಬ ಟೈಪಿಸ್ಟ್, ಆಲೂರಿನವನು. ತೊದಲುತ್ತಿದ್ದ. ಚಹಾ ಬೇಕೆನ್ನಲೂ ಬೆರಳು ತೋರಿಸುವವನು ಆಟದಲ್ಲಿ ವೀರನಾದೊಡನೆ ಸರಾಗವಾಗಿ ಮಾತಾಡುತ್ತಿದ್ದ. ಮೇಷ್ಟರ ಕೆಲಸಕ್ಕೆ ಅರ್ಜಿ ಹಾಕಿದ್ದ, ಸಂದರ್ಶನ ಮುಂದಿನ ವಾರವೇ ಇತ್ತು. "ಇಲ್ಲಿ ಮಾತಾಡಿ ಮಾತಾಡಿ ಧೈರ್ಯ ಬಂದೈತಿ," ಎಂದು ನನ್ನೊಬ್ಬನಿಗೇ ಹೇಳಿದ್ದ. ಉಳಿದಿಬ್ಬರು ಈಗೀಗ ನನ್ನ ಕಥೆ ಬಿಟ್ಟು ಅವನ ಮಾತಿಗೆ ಬಾಯಿ ತೆರೆದು ಕೂರುತ್ತಿದ್ದರು. ಮುಚ್ಚುಮರೆ ಏಕೆ, ನನಗೆ ಹೊಟ್ಟೆಯೆಲ್ಲ ಉರಿಯುತ್ತಿತ್ತು.

ಆ ಭಾನುವಾರ ನನ್ನ ಕಥೆಯ ಕಳ್ಳರ ನಾಯಕ ಅವನ ಕತ್ತಿ ಬೀಳಿಸಿದ. ಈಗೇನು ಮಾಡುತ್ತಿ ಎಂದು ಕೇಳಿದೆ, ಬೇಗ ಬೇಗ ಎಂದು ಬೇಕಂತಲೇ ಅವಸರ ಮಾಡಿದೆ. ಅವನು ಕಾಲು ಮುಂದೆ ಚಾಚಿ, "ಕತ್ತಿ ಒ... ಒದ್ದು..." ಎಂದು ತಡವರಿಸಿದ. ಒದ್ದು ಮೇಲಕ್ಕೆ ಹಾರಿಸಿ ಹಿಡಿಯುತ್ತಾನೆಂದು ಆ ಕಾಲು ನೋಡಿದರೇ ತಿಳಿಯುತ್ತಿತ್ತು. ನನಗೆ ತಿಳಿಯಿತು. ಆದರೆ ನಮ್ಮ ಕಡೆ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ತೆಲುಗಿನಲ್ಲಿ ವದ್ದು ಅಂದರೆ ಬೇಡ.

"ಕತ್ತಿ ವದ್ದಂತಪಾ ಇವಗ. ಬ್ಯಾಡ ಅಂದಮ್ಯಾಲೆ ಮುಗೀತು, ಸತ್ತ," ಎಂದೆ.

ಉಳಿದಿಬ್ಬರು ಬಿದ್ದು ಬಿದ್ದು ನಕ್ಕರು. ಅವನು ಅಲ್ಲ ಎನ್ನಲು ಹೋದ; ಮೊದಲ ಅಕ್ಷರವೇ ಹೊರಡಲಿಲ್ಲ. ನಿಯಮ ಅಂದರೆ ನಿಯಮ ಎಂದು ನಾನು ಕವಡೆ ಎತ್ತಿಟ್ಟೆ. ಎಂಥ ನ್ಯಾಯಾಧೀಶ!

ಮರುದಿನದಿಂದ ಅವನು ಕಚೇರಿಗೆ ರಜೆ ಹಾಕಿದ, ಮುಂದಿನ ಭಾನುವಾರ ಆಟಕ್ಕೂ ಬರಲಿಲ್ಲ. ಸಂದರ್ಶನಕ್ಕೂ ಹೋಗಲಿಲ್ಲವೆಂದು ಸೋಮವಾರ ಕಚೇರಿಯಲ್ಲಿ ತಿಳಿಯಿತು. ಅವತ್ತೇ ಸಂಜೆ ಬಸ್ಸು ಹತ್ತಿ ಆಲೂರಿಗೆ ಹೋದೆ. ಅವನ ತಾಯಿ ನೆನೆಸಿದ ಮಂಡಕ್ಕಿಯ ಮಂಡಾಳ ಒಗ್ಗರಣೆ ತಂದಿಟ್ಟು, ಮಗನ ಬಾಯಲ್ಲಿ ಯಾವಾಗಲೂ ನನ್ನದೇ ಸುದ್ದಿ ಎಂದರು. ತಟ್ಟೆ ಹಿಡಿದು ಕೂತೆ. ತಪ್ಪೊಪ್ಪಿಕೊಳ್ಳಲೆಂದೇ ಬಂದಿದ್ದವನು, ಅವನ ಮುಖ ಕಂಡೊಡನೆ ಹೇಡಿಯಾದೆ. ಅವತ್ತು ನೀನು ಅಂದದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ ಮಾರಾಯ ಎಂದೆ.

ಅವನು ನನ್ನ ಕೈಯ ತಟ್ಟೆ ತೆಗೆದು ಕೆಳಗಿಟ್ಟ.

"ನಿನಗ ಕೇಳ್ಸಿತ್ತು," ಎಂದ. ಒಂದಕ್ಷರವೂ ತೊದಲಲಿಲ್ಲ.