ಹುಣಸೆಹುಳಿ ಕಂಡ ಬ್ಯೂಗಲ್

ಮೊನ್ನೆ ಡಿಸೆಂಬರಿನ ಒಂದು ಶುಕ್ರವಾರ ಸಂಜೆ ನಾನು ಗದ್ದೆಯಿಂದ ಬರುವಾಗ ನನ್ನ ಅಮ್ಮ ಬಾವಿಕಟ್ಟೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಬ್ಯೂಗಲ್ ತೊಳೆಯುತ್ತಿದ್ದರು.

ಹೌದು, ಬ್ಯೂಗಲ್. ಮಿಲಿಟರಿಯವರು ಊದುತ್ತಾರಲ್ಲ, ಅದೇ. ಪಕ್ಕದಲ್ಲಿ ಒಂದು ಮುಷ್ಟಿ ಹುಣಸೆಹುಳಿ, ಒಂದು ಕರಟದ ತುಂಬ ಒಲೆಯ ಬೂದಿ, ತೆಂಗಿನ ನಾರು. ಅಮ್ಮನಿಗೆ ಅರವತ್ತೆಂಟು ವರ್ಷ. ಆಯುಷ್ಯದಲ್ಲಿ ಮೊದಲ ಸಲ ಬ್ಯೂಗಲ್ ಮುಟ್ಟಿದ್ದು. ಆದರೆ ತಿಕ್ಕುವ ಧಾಟಿ ನೋಡಿದರೆ ಮದುವೆಯಾಗಿ ಬಂದ ದಿನದಿಂದ ಈ ಮನೆಯಲ್ಲಿ ಬ್ಯೂಗಲ್ ತಿಕ್ಕುವುದೇ ಅವರ ಕೆಲಸ ಅನ್ನಬೇಕು.

ಇಲ್ಲಿಗೆ ಬಂದು ಮುಟ್ಟಿದ್ದು ಹೇಗೆ? ಸ್ವಲ್ಪ ಹಿಂದೆ ಹೋಗಬೇಕು.

ನಾವುಂದದ ಈಚೆಗಿರುವ ನಮ್ಮ ಹೈಯರ್ ಎಲಿಮೆಂಟರಿ ಶಾಲೆಗೆ ಈ ವರ್ಷ ಬ್ಯಾಂಡ್ ಸೆಟ್ ಬಂತು. ಬೊಂಬಾಯಿಯಲ್ಲಿ ಹೋಟೆಲ್ ಇಟ್ಟು ಅನುಕೂಲವಾದ ನಮ್ಮೂರಿನವರೊಬ್ಬರು ಕಳಿಸಿಕೊಟ್ಟದ್ದು. ದೊಡ್ಡ ಡ್ರಮ್ಮು ಒಂದು, ಸಣ್ಣ ಡ್ರಮ್ಮು ಎರಡು, ಕೊಳಲು ನಾಲ್ಕು, ಟಿಂಗ್ ಎನ್ನುವ ಮುಮ್ಮೂಲೆ ಕಬ್ಬಿಣ ಒಂದು. ಮತ್ತು ಬ್ಯೂಗಲ್, ಒಂದೇ ಒಂದು. ಎಲ್ಲ ಸೆಕೆಂಡ್ ಹ್ಯಾಂಡ್. ಆದರೂ ಪೆಟ್ಟಿಗೆ ಒಡೆದ ದಿನ ಪಾಠ ನಡೆಯಲಿಲ್ಲವಂತೆ. ಮಾಷ್ಟ್ರುಗಳೇ ಕ್ಯೂ ನಿಂತು ಡ್ರಮ್ಮು ಬಡಿದರೆ ಪಾಠ ಮಾಡುವವರು ಯಾರು?

ಮಿಲಿಟರಿಯಿಂದ ಬಂದ ಡ್ರಿಲ್ ಮಾಷ್ಟ್ರು ಆರು ಏಳನೇ ಕ್ಲಾಸಿನ ಮಕ್ಕಳಿಗೆ ಒಂದು ಮಾತು ಹೇಳಿ ಕಳಿಸಿದರು. ಯಾರಿಗೆ ಯಾವುದು ಬೇಕೋ ಮನೆಯಲ್ಲಿ ಕೇಳಿಕೊಂಡು ಬನ್ನಿ ಅಂತ.

ಮನೆಯಲ್ಲಿ ಕೇಳಿಕೊಂಡು ಬನ್ನಿ! ಯುದ್ಧ ನೋಡಿ ಬಂದ ಮನುಷ್ಯ, ಮನೆ ಅಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. (ಬ್ರಹ್ಮಚಾರಿ.)

ನನ್ನ ಮಗಳು ಸುಮತಿ ಆರನೇ ಕ್ಲಾಸು. ಚೀಲ ಇಳಿಸುವ ಮೊದಲೇ ಬ್ಯೂಗಲ್ ಅಂದಳು. ನನಗೆ ಒಳಗೊಳಗೇ ಖುಷಿಯಾಯಿತು. ನಮ್ಮ ಕಾಲದಲ್ಲಿ ಶಾಲೆಯಲ್ಲಿ ಊದಲು ಇದ್ದದ್ದು ಮಾಷ್ಟ್ರ ಸೀಟಿ ಮಾತ್ರ, ಅದನ್ನೂ ಅವರೇ ಊದುತ್ತಿದ್ದರು. ಆದರೆ ನಾನು ಬಾಯಿ ತೆರೆಯುವ ಮೊದಲೇ ಅಮ್ಮ ತೆರೆದರು. ಹೆಂಡತಿ ಬಾಣಂತನಕ್ಕೆ ಯಡ್ತರೆಯ ತವರಿಗೆ ಹೋಗಿದ್ದಳು, ಮನೆಯಲ್ಲಿ ನಾವು ಮೂವರೇ. ಅಂದರೆ ಅಮ್ಮನದ್ದೇ ಸರ್ಕಾರ.

ಅಮ್ಮ ಒಂದೊಂದೇ ವಾದ್ಯವನ್ನು ಗೆರಸಿಯಲ್ಲಿ ಅಕ್ಕಿ ಕೇರಿದ ಹಾಗೆ ಕೇರಿದರು. ಡ್ರಮ್ಮು? ಚರ್ಮ. ಅದನ್ನು ಮುಟ್ಟಿ ಬಂದವಳು ಬಾವಿಕಟ್ಟೆಯಲ್ಲಿ ಮಿಂದೇ ಒಳಗೆ ಬರಬೇಕು. ಕೊಳಲು, ಬ್ಯೂಗಲ್? ಬಾಯಿ ಹಾಕುವಂಥದ್ದು, ಎಂಜಲು.

"ಊರ್ ಮಕ್ಳೆಲ್ಲ ಬಾಯಿ ಹಾಕಿದ್ದ್ ಅಲ್ದಾ ಅದ್? ಅದ್ಕೆ ನೀನೂ ಬಾಯಿ ಹಾಕ್ಕಾ?" ಅಂತ ಮೊಮ್ಮಗಳನ್ನು ಕೇಳಿದರು.

ಗೆರಸಿಯಲ್ಲಿ ಉಳಿದದ್ದು ಮುಮ್ಮೂಲೆ ಕಬ್ಬಿಣ. ಅದಕ್ಕೆ ಮೈಲಿಗೆ ಇಲ್ಲ, ದೇವರ ಕೋಣೆಯ ಗಂಟೆ ಇದ್ದ ಹಾಗೆ, ಅದನ್ನೇ ಬಾರಿಸಲಿ ಎಂದು ತೀರ್ಪಾಯಿತು. ಸುಮತಿಯ ಮುಖ ನೋಡುವ ಹಾಗಿರಲಿಲ್ಲ. ಆ ಕಬ್ಬಿಣ ಹಿಡಿದವರು ಹದಿನೈದು ಎಣಿಸಿ ಹದಿನಾರಕ್ಕೆ ಒಮ್ಮೆ ಟಿಂಗ್ ಅನ್ನಬೇಕಂತೆ. ಅದು ಬ್ಯಾಂಡಾ? ಮಗ್ಗಿ ಅಲ್ಲವಾ?

ನಾನು ಏನು ಮಾಡಿದೆ? ನೋಡುವ ಅಂದೆ. (ಅಮ್ಮನಿಗೂ ಮಗಳಿಗೂ ನಡುವೆ ಕೂತ ಗಂಡಸು ಬೇರೆ ಏನು ಹೇಳುತ್ತಾನೆ, ಹೇಳಿ.)

ಮರುದಿನ ಬೆಳಗ್ಗೆ ಸುಮತಿ ಹಿತ್ತಿಲಿನ ಪಪ್ಪಾಯಿ ಮರದ ಎಲೆ ಮುರಿದು, ದಂಟು ಕತ್ತರಿಸಿ, ಊದಲು ಶುರು ಮಾಡಿದಳು. ಪಪ್ಪಾಯಿ ದಂಟು ಊದಿ ಗೊತ್ತಿದ್ದವರಿಗೆ ಆ ಸ್ವರ ವಿವರಿಸಬೇಕಾಗಿಲ್ಲ. ಗೊತ್ತಿಲ್ಲದವರು ಪುಣ್ಯವಂತರು. ಹಟ್ಟಿಯ ದನ ಎದ್ದು ನಿಂತಿತು. ಆಚೆಮನೆಯವರು ಯಾರಿಗಾದರೂ ಹುಷಾರಿಲ್ಲವಾ ಎಂದು ವಿಚಾರಿಸಿಕೊಂಡು ಹೋದರು. ನಾಲ್ಕು ದಿನ ಬೆಳಗ್ಗೆ ಸಂಜೆ ಇದೇ ಸತ್ಯಾಗ್ರಹ. ಮರದಲ್ಲಿ ಎಲೆ ಮುಗಿಯುತ್ತಾ ಬಂತು.

ಐದನೇ ದಿನ ಅಮ್ಮ ಸ್ವಲ್ಪ ಮೆತ್ತಗಾದ ಹಾಗೆ ಕಂಡಿತು. ಆ ಬ್ಯೂಗಲ್ ಬೇರೆ ಯಾರ್ಯಾರು ಊದುತ್ತಾರೆ ಎಂದು ಕೇಳಿದರು. ಮತ್ತೊಬ್ಬಳೇ, ಗುಲಾಬಿ, ನಮಗೆ ಮೀನು ತರುವ ಹೆಂಗಸು ಮುತ್ತುವಿನ ಮಗಳು ಎಂದಳು ಸುಮತಿ. ಅಮ್ಮ ಎದ್ದು ಒಳಗೆ ಹೋದರು. ಮತ್ತೆ ಆ ವಿಷಯ ಎತ್ತಬಾರದು ಅಂದರು.

ನನಗೆ ಆವತ್ತು ಚುಚ್ಚಿತು. ಎಂಜಲು ಎಲ್ಲರದ್ದೂ ಎಂಜಲೇ. ಆದರೆ ಕೆಲವರ ಎಂಜಲು ಹೆಚ್ಚು ಎಂಜಲು ಎಂದು ನಮಗೆ ಯಾರು ಕಲಿಸಿದ್ದು? ಮುತ್ತು ತಂದ ಬಂಗುಡೆಗೆ ನಮ್ಮ ಮನೆಯಲ್ಲಿ ಎಂದೂ ಮೈಲಿಗೆ ಆದದ್ದಿಲ್ಲ. ಇದನ್ನೆಲ್ಲ ಅಮ್ಮನಿಗೆ ಹೇಳಿದೆನೇ ಎಂದು ಕೇಳಬೇಡಿ.

ಹೇಳುವ ಬದಲು ಮಾಷ್ಟ್ರನ್ನು ಕಾಣಲು ಹೋದೆ. ಮನೆಯಲ್ಲಿ ಸ್ವಲ್ಪ ಅಡಚಣೆ, ಕಬ್ಬಿಣವನ್ನೇ ಕೊಡಿ ಎಂದು ಹೇಳುವ ಅಂತ ಹೋದವನು ನಾನು. ಮಾಷ್ಟ್ರು ಪೂರ್ತಿ ಕೇಳಲೇ ಇಲ್ಲ. ಬ್ಯೂಗಲ್ಲಿಗೆ ಬೇಕಾದ್ದು ಉಸಿರು, ಉಳಿದದ್ದು ತನಗೆ ಗೊತ್ತಿಲ್ಲ, ಶನಿವಾರ ಟ್ರಯಲ್ ಉಂಟು ಅಂದರು. ಊದಿ ಸ್ವರ ಬಂದವರಿಗೆ ಬ್ಯೂಗಲ್, ಬಾರದಿದ್ದವರಿಗೆ ಕಬ್ಬಿಣ. ಎರಡು ದಿನ ಗುಲಾಬಿ ಮನೆಗೆ ಒಯ್ದಾಗಿದೆ, ಇನ್ನೆರಡು ದಿನ ನಿಮ್ಮ ಮಗಳು ಒಯ್ಯಲಿ ಎಂದು ಬಟ್ಟೆಚೀಲದಲ್ಲಿ ಹಾಕಿ ಕೊಟ್ಟೇಬಿಟ್ಟರು.

ಗುರುವಾರ ಸಂಜೆ ಚೀಲ ಬಗಲಲ್ಲಿ ಇಟ್ಟುಕೊಂಡು ಕಳ್ಳನ ಹಾಗೆ ಮನೆಗೆ ಬಂದು ಮಗಳ ಕೈಗೆ ದಾಟಿಸಿದೆ. ಆದರೆ ನನ್ನ ಮಗಳಿಗೆ ಅಪ್ಪನ ಪುಕ್ಕಲುತನ ಬಂದಿಲ್ಲ. ಶುಕ್ರವಾರ ನಾನಿನ್ನೂ ಗದ್ದೆಯಲ್ಲಿರುವಾಗ, ಶಾಲೆ ಬಿಟ್ಟು ಬಂದವಳೇ ಬ್ಯೂಗಲ್ಲನ್ನು ನೇರ ಅಜ್ಜಿಯ ಎದುರು ಇಟ್ಟು ಒಂದೇ ಪ್ರಶ್ನೆ ಕೇಳಿದಳಂತೆ.

"ಅಜ್ಜಿ, ಹಿತ್ತಾಳಿ ಚೊಂಬ್ ಎಂಜ್ಲಾರೆ ನೀವ್ ಎಂತ ಮಾಡ್ತ್ರಿ?"

ಅಮ್ಮನಿಗೆ ಇದು ಬಾಯಿಪಾಠ. ಮಣ್ಣಿನ ಮಡಕೆಯಾದರೆ ಬಿಸಾಡಬೇಕು, ಹಿತ್ತಾಳೆಯಾದರೆ ಹುಳಿ, ಬೂದಿ ಹಾಕಿ ತಿಕ್ಕಿದರೆ ಸರಿಯಾಯಿತು. ಹೇಳಿ ಮುಗಿಸಿದ ಮೇಲೆ ಅವರಿಗೆ ತಾನು ಎಲ್ಲಿ ಬಂದು ನಿಂತೆ ಎಂದು ಹೊಳೆಯಿತು. ಬ್ಯೂಗಲ್ ಹಿತ್ತಾಳೆಯದ್ದು. ಅದೂ ಎಂಥ ಹಿತ್ತಾಳೆ! ಅಲ್ಲಲ್ಲಿ ಹಸಿರು ಹಿಡಿದು, ಕಪ್ಪು ಕಟ್ಟಿ, ಎಷ್ಟೋ ವರ್ಷ ನೀರು ಕಾಣದ್ದು. ಹಿತ್ತಾಳೆ ಪಾತ್ರೆ ಫಳಫಳ ಹೊಳೆಯದಿದ್ದರೆ ಅಮ್ಮನಿಗೆ ಊಟ ಸೇರುವುದಿಲ್ಲ. ಮಡಿಯೋ, ಪಾತ್ರೆ ತೊಳೆಯುವ ಚಪಲವೋ, ಯಾವುದು ಗೆದ್ದಿತೋ ನನಗೆ ಇಂದಿಗೂ ಗೊತ್ತಿಲ್ಲ. ಎದ್ದು ಬಾವಿಕಟ್ಟೆಗೆ ನಡೆದರು.

ಒಂದು ಶರತ್ತು ಮಾತ್ರ ಹಾಕಿದರು. ತೊಳೆದ ಮೇಲೆ ಮೊದಲು ಬಾಯಿ ಹಾಕುವವಳು ಸುಮತಿಯೇ ಆಗಬೇಕು. ಆಮೇಲೆ ಯಾರು ಬೇಕಾದರೂ ಊದಲಿ.

ಹೊರಗೆ ತಿಕ್ಕಿದ್ದು ಸಾಲದು ಎಂದು ಒಳಗೂ ಹುಳಿ ಹಿಂಡಿ ಹೊಯ್ದರು, ಅಲ್ಲಾಡಿಸಿದರು, ತಿರುಗಿಸಿದರು, ಒಣಗುವ ತನಕ ಯಾರೂ ಮುಟ್ಟಬಾರದು ಎಂದು ಬೆಳಗಿನವರೆಗೆ ತೂಗುಹಾಕಿದರು. ಚೊಂಬಿಗೆ ಒಂದೇ ಹೊಟ್ಟೆ, ಬ್ಯೂಗಲ್ಲಿಗೆ ಎರಡು ಸುತ್ತಿನ ಕರುಳು. ಅದು ಅಮ್ಮನ ಲೆಕ್ಕದಲ್ಲಿ ಇರಲಿಲ್ಲ.

ಶನಿವಾರ ಶಾಲೆಯ ಅಂಗಳ. ನಾನೂ ಹೋಗಿ ಜಗಲಿಯ ಕಂಬದ ಮರೆಯಲ್ಲಿ ನಿಂತಿದ್ದೆ. ದೊಡ್ಡ ಡ್ರಮ್ಮು ಇಡೀ ಕ್ಲಾಸಿಗೇ ಗಿಡ್ಡ ಹುಡುಗನಿಗೆ ಹೋಗಿತ್ತು. ಎದುರಿನಿಂದ ನೋಡಿದರೆ ಒಂದು ಡ್ರಮ್ಮು, ಅದರ ಕೆಳಗೆ ಎರಡು ಕಾಲು. ಬ್ಯೂಗಲ್ ಚೀಲದಿಂದ ಹೊರಬಂದಾಗ ಬಿಸಿಲು ಬಿದ್ದು ಮಾಷ್ಟ್ರು ಕಣ್ಣು ಕಿರಿದು ಮಾಡಿದರು. ರೆಜಿಮೆಂಟಿನಲ್ಲೂ ಇಷ್ಟು ಚೊಕ್ಕ ಬ್ಯೂಗಲ್ ಕಂಡಿಲ್ಲ ಅಂದರು.

ಸುಮತಿ ಅಜ್ಜಿಯ ಮಾತಿನಂತೆ ತಾನೇ ಮೊದಲು ಊದಿದಳು. ಕೆನ್ನೆ ಉಬ್ಬಿತು, ಮುಖ ಕೆಂಪಾಯಿತು. ಸ್ವರ ಇಲ್ಲ. ಮತ್ತೊಮ್ಮೆ ಊದಿದಳು. ಮಗುವಿಗೆ ಹೊಟ್ಟೆ ತೊಳೆಸಿದ ಹಾಗೆ ಗುಳುಗುಳು ಎಂದಿತು, ಅಷ್ಟೇ. ನಾಲ್ಕು ದಿನ ಊರಿನ ನಿದ್ರೆ ಕೆಡಿಸಿದ ಹುಡುಗಿಯ ಕಣ್ಣಲ್ಲಿ ನೀರು. ಮಾಷ್ಟ್ರು ಕಬ್ಬಿಣದ ಕಡೆ ನೋಡಿದರು. ನಾನು ಕಂಬದ ಹಿಂದೆ ಇನ್ನಷ್ಟು ಸರಿದೆ.

ಬ್ಯೂಗಲ್ ಗುಲಾಬಿಯ ಕೈಗೆ ಹೋಯಿತು. ಕಪ್ಪಗೆ, ಸಪೂರ ಹುಡುಗಿ. ಒಮ್ಮೆ ಅದರ ಬಾಯೊಳಗೆ ಇಣುಕಿ ನೋಡಿದಳು. ಆಮೇಲೆ ಉಸಿರು ಎಳೆದುಕೊಂಡು ಒಂದೇ ದಮ್ಮಿಗೆ ಊದಿದಳು. ಫಟ್ ಎಂದು ನಾರು ಸಮೇತ ಒಂದು ಹುಳಿ ಉಂಡೆ ಹೊರಬಂದು ಮಾಷ್ಟ್ರ ಇಸ್ತ್ರಿ ಹಾಕಿದ ಬಿಳಿ ಅಂಗಿಗೆ ಅಂಟಿತು. ಹಿಂದೆಯೇ ಸ್ವರ ಬಂತು, ಮರವಂತೆಯ ತನಕ ಕೇಳುವಂಥ ಸ್ವರ.

ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು. ಮಾಷ್ಟ್ರು ಉಂಡೆ ತೆಗೆದು ಮೂಸಿ ನೋಡಿದರು. ಸುಮತಿ ಅಳುತ್ತಲೇ, ತನ್ನ ಅಜ್ಜಿ ತೊಳೆದದ್ದು ಎಂದು ಒಪ್ಪಿಕೊಂಡಳು.

ಬ್ಯೂಗಲ್ ಆಗ ನ್ಯಾಯವಾಗಿ ಗುಲಾಬಿಯದ್ದು. ಅವಳು ಇನ್ನೊಮ್ಮೆ ಊದಬಹುದಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬ್ಯೂಗಲ್ಲನ್ನು ತಿರುಗಿ ಸುಮತಿಗೆ ಚಾಚಿದಳು.

"ಈಗ ಊದ್. ದಾರಿ ಬಿಟ್ಟಿತ್."

ಸುಮತಿ ತೆಗೆದುಕೊಂಡಳು. ಲಂಗಕ್ಕೆ ಒರೆಸಲಿಲ್ಲ, ತೊಳೆಯಲಿಲ್ಲ. ಗುಲಾಬಿಯ ಬಾಯಿಂದ ಬಂದದ್ದು ನೇರ ಇವಳ ಬಾಯಿಗೆ. ಅಜ್ಜಿಯ ಶರತ್ತು ಮಾತಿನಲ್ಲಿ ಉಳಿದರೂ ಅದರೊಳಗಿನ ಮಡಿ ಅಂಗಳದ ನಡುವೆ ಗಾಳಿಗೆ ಹೋಯಿತು. ಸ್ವರ ಬಂತು, ಸ್ವಲ್ಪ ಓರೆ, ಆದರೆ ಬಂತು. ಕಂಬದ ಮರೆಯಲ್ಲಿ ನಾನು ಚಪ್ಪಾಳೆ ತಟ್ಟಿದೆ. ಒಬ್ಬರಿಗೆ ಕೆಮ್ಮು ಬಂದರೆ ಇನ್ನೊಬ್ಬರು ಬೇಕಾಗುತ್ತದೆ ಎಂದು ಮಾಷ್ಟ್ರು ಇಬ್ಬರನ್ನೂ ತೆಗೆದುಕೊಂಡರು.

ಮನೆಗೆ ಬಂದು ಸುಮತಿ ಒಂದನ್ನೂ ಮುಚ್ಚಿಡದೆ ಅಜ್ಜಿಗೆ ಹೇಳಿದಳು. ಹುಳಿ ಉಂಡೆ, ಮಾಷ್ಟ್ರ ಅಂಗಿ, ಮೊದಲು ಯಾರ ಬಾಯಿ, ಆಮೇಲೆ ಯಾರದ್ದು, ಎಲ್ಲ. ಅಮ್ಮ ಎಲ್ಲ ಕೇಳಿ, ಇನ್ನು ಮುಂದೆ ಹುಳಿನೀರನ್ನು ಬಟ್ಟೆಯಲ್ಲಿ ಸೋಸಿ ಹೊಯ್ಯಬೇಕು ಅಂದರು. ಅಂದಿನಿಂದ ವಾರಕ್ಕೊಮ್ಮೆ ಬ್ಯೂಗಲ್ ನಮ್ಮ ಬಾವಿಕಟ್ಟೆಗೆ ಬರುತ್ತದೆ.

ಗಣರಾಜ್ಯೋತ್ಸವಕ್ಕೆ ಅಮ್ಮ ಸೀರೆ ಬದಲಿಸಿ ಬಂದರು. ಬಾವುಟ ಏರುವಾಗ ಗುಲಾಬಿ ಊದಿದಳು, ಮೆರವಣಿಗೆ ಹೊರಡುವಾಗ ಸುಮತಿ. ಖಾಲಿ ಬುಟ್ಟಿಯನ್ನು ಮರದ ಬುಡದಲ್ಲಿ ಇಟ್ಟು ಮುತ್ತುವೂ ನೋಡುತ್ತಿದ್ದಳು. ಯಾರ ಮನೆಯ ಹುಡುಗಿಯದ್ದು ಉದ್ದ ದಮ್ಮು ಎಂದು ಅವಳಿಗೂ ಅಮ್ಮನಿಗೂ ಸಣ್ಣ ಜಗಳವೇ ಆಯಿತು. ಅಷ್ಟು ಖುಷಿಯಲ್ಲಿ ಅಮ್ಮ ಜಗಳವಾಡಿದ್ದನ್ನು ನಾನು ಕಂಡದ್ದು ಕಡಿಮೆ.

ಮರುದಿನ ಬೆಳಗ್ಗೆ ಮುತ್ತು ಎಂದಿನಂತೆ ಬಂಗುಡೆ ಹೊತ್ತು ಬಂದಳು. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ನಾನು ಈ ಅಂಕಣಕ್ಕೇ ಪೆನ್ನು ಬಿಚ್ಚಿದ್ದೆ. ಮುತ್ತು ನೀರು ಕೇಳಿದಳು. ಅವಳಂಥವರಿಗೆಂದು ಜಗಲಿಯ ಹಂಚಿನ ಮಾಡಿನ ಸಂದಿಯಲ್ಲಿ ಒಂದು ಗಾಜಿನ ಲೋಟ ಇರುತ್ತದೆ, ಎಷ್ಟೋ ವರ್ಷದಿಂದ. ಅವಳೇ ಅದಕ್ಕೆ ಕೈ ಚಾಚಿದಳು. ಅಮ್ಮ ಅಷ್ಟರಲ್ಲಿ ಒಳಗಿನಿಂದ ತನ್ನ ಹಿತ್ತಾಳೆ ಲೋಟದಲ್ಲಿ ನೀರು ತಂದು ಹಿಡಿದರು. ಮುತ್ತು ಹಿಂಜರಿದಳು.

"ಕುಡಿ ಮುತ್ತೂ. ಮಕ್ಳ್ ಇಬ್ರೂ ಒಂದ್ರಗೇ ಊದುದ್ ಅಲ್ದಾ?"

ಮುತ್ತು ಕುಡಿದಳು. ಅಮ್ಮ ಗಾಜಿನ ಲೋಟವನ್ನು ಮಾಡಿನಿಂದ ತೆಗೆದು ಒಳಗೆ ಒಯ್ದರು.

ಅದೇ ಜಗಲಿಯಲ್ಲಿ, ಅದೇ ಲೋಟದ ಕೆಳಗೆ ಕೂತು ವಾರ ವಾರ ನಿಮಗೆ ಲೋಕದ ನ್ಯಾಯ ಹೇಳುತ್ತಿದ್ದ ನಾನು, ಒಮ್ಮೆಯಾದರೂ ಕೈ ಎತ್ತಿ ಅದನ್ನು ಕೆಳಗಿಳಿಸಿದ್ದೆನೇ?