ಕಡಲಿಗೆ ಹೆಪ್ಪು

ಆಲಸನತ್ತದ ಬಾಡಿಗೆ ಮನೆಯೊಳಗೆ ಸಮುದ್ರ ಇಡ್ತೀನಿ ಅಂತ ಶ್ಯಾಮಲಾ ಹೊರಟಾಗ ನಗದವರೇ ಇಲ್ಲ. ಫ್ಯಾಕ್ಟರಿಯಲ್ಲಿ ದಿನವಿಡೀ ವೈರು ಜೋಡಿಸುವ ಹೆಂಗಸು. ಸಮುದ್ರ ಕಂಡದ್ದೇ ಒಂದು ಸಲ, ಅದೂ ಸ್ಕೂಲ್ ಟೂರಿನಲ್ಲಿ. ಆ ನೀಲಿ ಕಣ್ಣಿಗಂಟಿ ಕೂತಿತ್ತು, ಏನು ಮಾಡೋದು! ಗಂಡ ವೇಣು ಪಾಪ, ಬೆಸುಗೆ ಹಾಕಿಸಿ ಕಬ್ಬಿಣದ ಸ್ಟ್ಯಾಂಡ್ ಮಾಡಿಕೊಟ್ಟ. ಅದರ ಮೇಲೆ ಎರಡಡಿ ಗಾಜಿನ ತೊಟ್ಟಿ. ಫಿಲ್ಟರ್ ನೀರಿಗೆ ಸಮುದ್ರದುಪ್ಪಿನ ಪುಡಿ ಕಲಸಿ, ಬಿಳಿ ಪಟ್ಟಿಯ ಕಿತ್ತಳೆ ಮೀನು ಎರಡು ತಂದು ಮಾರನೇ ದಿನವೇ ಬಿಟ್ಟಳು.

ವಾರ ತುಂಬೋದರೊಳಗೆ ಎರಡೂ ಹೊಟ್ಟೆ ಮೇಲಾಗಿ ತೇಲಿದವು.

ಅತ್ತೆ ಅಶ್ವತ್ಥಮ್ಮ ಅಂಚೆಟ್ಟಿ ಕಡೆಯವರು, ದನಕರು ಸಾಕಿದ ಕೈ. ಮೀನುಗಳನ್ನು ದಾಸವಾಳದ ಬುಡಕ್ಕೆ ಹೂತು ಬಂದು ಸೊಸೆಯ ಮುಂದೆ ನಿಂತರು. "ಬಾಯಿಲ್ಲದ ಜೀವ ತಂದು ಸಾಯಿಸ್ತೀಯೇನಮ್ಮ? ಇನ್ನೊಂದು ಸತ್ರೆ ತೊಟ್ಟೀನ ಬೀದಿಗೆ ಹಾಕ್ಬುಡ್ತೀನಿ, ನೋಡ್ತಿರು!" ಅಶ್ವತ್ಥಮ್ಮ ಅಂದರೆ ಅಂದಂಗೇ.

ತಪ್ಪು ಎಲ್ಲಾಯಿತೆಂದು ಹೇಳಿದವನು ಜೊತೆ ಕೆಲಸದ ಮೋಹನ್. ಸೂಳಗಿರಿಯ ತನ್ನ ಮನೆಯಲ್ಲಿ ಇಂಥದೇ ತೊಟ್ಟಿ ಬಹಳ ಕಾಲದಿಂದ ಇಟ್ಟಿದ್ದ. "ಮೀನಿನ ಹೊಲಸನ್ನ ಕರಗಿಸೋ ಸಣ್ಣ ಸಣ್ಣ ಜೀವ ಇರ್ತವಕ್ಕ, ಕಣ್ಣಿಗೆ ಕಾಣಲ್ಲ. ಹೊಸಾ ನೀರಲ್ಲಿ ಅವಿಲ್ಲ. ನಮ್ಮ ತೊಟ್ಟಿ ಕಲ್ಲಲ್ಲಿ ತುಂಬವೆ, ತಗೊಂಡೋಗಿ ಹಾಕು." ಅವನಿಗೆ ಚೆನ್ನೈಗೆ ವರ್ಗವಾಗಿತ್ತು, ನಾಡಿದ್ದು ಬೆಳಿಗ್ಗೆ ಅಂಗಡಿಯವನು ಬಂದು ತೊಟ್ಟಿ, ಕಲ್ಲು ಎಲ್ಲ ಒಯ್ಯುವವನಿದ್ದ. "ನಾಳೆ ಸಾಯಂಕಾಲ ಬಾ, ಬೆಳಕಿರುವಾಗ್ಲೇ. ನಮ್ಮಮ್ಮ ದೀಪ ಹಚ್ಚಿದ್ಮೇಲೆ ಉಪ್ಪು ಹೊರಗೆ ಕೊಡಲ್ಲ. ಉಪ್ಪುನೀರಿನ ಕಲ್ಲಾದ್ರೂ ಅಷ್ಟೇ."

ಮನೆಗೆ ಬಂದಾಗ ಅತ್ತೆ ಹಾಲಿಗೆ ಹೆಪ್ಪು ಹಾಕುತ್ತಿದ್ದರು. ಶ್ಯಾಮಲಾ ಮೋಹನ್ ಹೇಳಿದ್ದನ್ನೆಲ್ಲ, ಅವನಮ್ಮನ ದೀಪದ ಮಾತನ್ನೂ ಸೇರಿಸಿ ಒಪ್ಪಿಸಿ, ಮೆಲ್ಲಗೆ ಅಂದಳು, "ಇದೂ ಹಂಗೇ ಅತ್ತೆ. ನಾನು ಹೆಪ್ಪಿಲ್ದೆ ಮೊಸರು ಮಾಡೋಕೆ ಹೋಗ್ಬುಟ್ಟೆ."

ಅಶ್ವತ್ಥಮ್ಮ ಪಾತ್ರೆ ಮುಚ್ಚಿದರು. "ಆಯಮ್ಮ ಹೇಳಿರೋದು ಸರಿ. ದೀಪ ಹಚ್ಚಿದ್ಮೇಲೆ ನಾನಾದ್ರೂ ಕೊಡ್ತಿರ್ಲಿಲ್ಲ" ಅಂದರು.

ಮಾರನೇ ದಿನ ಬೇಕು ಅಂತಲೇ ಆದಂಗೆ ಆಯಿತು. ಸೂಪರ್‌ವೈಸರ್ ಬಿಡಲಿಲ್ಲ. ಬಿಟ್ಟಮೇಲೆ ಹೈವೇಯಲ್ಲಿ ಲಾರಿ ಕೆಟ್ಟು ನಿಂತು, ಬಸ್ಸು ಆಮೆಗಿಂತ ಕಡೆ. ತೊಡೆ ಮೇಲೆ ಖಾಲಿ ಬಕೆಟ್ ಇಟ್ಟುಕೊಂಡು ಶ್ಯಾಮಲಾ ಹೊತ್ತು ಮುಳುಗುವುದನ್ನೇ ನೋಡುತ್ತಿದ್ದಳು. ಹಾಳಾದ್ದು, ಆ ಸೂರ್ಯನಿಗಾದರೂ ಅಷ್ಟು ಅವಸರ ಏನಿತ್ತು? ಸೂಳಗಿರಿಯಲ್ಲಿ ಇಳಿದಾಗ ಮನೆಮನೆಯಲ್ಲೂ ದೀಪ ಹಚ್ಚಿಯಾಗಿತ್ತು. ಇಲ್ಲಿಂದಲೇ ವಾಪಸ್ ಹೋಗಿಬಿಡೋಣ ಅನ್ನಿಸಿತು. ಆದರೂ ಬಂದದ್ದಾಯಿತಲ್ಲ ಅಂತ ನಡೆದಳು.

ಮೋಹನನ ತಾಯಿ ಸಾಕಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು, ಕೈಯಲ್ಲಿ ಬೆಂಕಿಪೊಟ್ಟಣ. ಒಳಗೆ ದೇವರ ಮೂಲೆ ಕತ್ತಲು.

"ಶ್ಯಾಮಲಾನೇನಮ್ಮ? ಬಿರ್ನೆ ಬಾ! ನಿಮ್ಮತ್ತೆ ನಿನ್ ಗಂಡನ ಹತ್ರ ನಂಬರ್ ಇಸ್ಕೊಂಡು ಪೋನ್ ಮೇಲೆ ಪೋನು. 'ಅಕ್ಕಾ, ನನ್ನ ಸೊಸೆ ಹೆಪ್ಪಿಗೆ ಬತ್ತಾವ್ಳೆ, ನಿಮ್ಗೆ ಕೈ ಮುಗೀತೀನಿ, ಅವ್ಳು ಬರೋಗಂಟ ದೀಪ ಹಚ್ಬ್ಯಾಡಿ' ಅಂತ. ನನ್ನ ಜನ್ಮದಲ್ಲೇ ಇಷ್ಟೊತ್ತು ಕತ್ತಲಲ್ಲಿ ಕೂತಿರ್ಲಿಲ್ಲ ಕಣಮ್ಮ."

ಶ್ಯಾಮಲಾ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು. ಮೋಹನ್ ಬಕೆಟ್ಟಿಗೆ ಕಲ್ಲು ತುಂಬಿ, ಮುಳುಗುವಷ್ಟು ತೊಟ್ಟಿಯ ನೀರೇ ಹೊಯ್ದುಕೊಟ್ಟ. ಅವಳು ಮೆಟ್ಟಿಲಿಳಿದು ಹೊರಟ ಮೇಲೆ ಸಾಕಮ್ಮ ಕಡ್ಡಿ ಗೀರಿದರು.

ಕಲ್ಲು ತೊಟ್ಟಿ ಸೇರಿತು. ಈ ಸಲ ಅವಸರ ಇಲ್ಲ. "ಹೆಪ್ಪು ಹಾಕಿದ್ಮೇಲೆ ಅಲ್ಲಾಡಿಸ್ಬಾರ್ದು" ಅಂತ ಅಶ್ವತ್ಥಮ್ಮ ಯಾರನ್ನೂ ತೊಟ್ಟಿಯ ಹತ್ತಿರ ಬಿಡಲಿಲ್ಲ, ಸ್ವಂತ ಮಗನನ್ನೂ. ನೀರು ಪರೀಕ್ಷೆ ಮಾಡಿ, ಸರಿಹೋಯಿತು ಅಂತ ಖಾತ್ರಿಯಾದ ಮೇಲೇ ಮೀನು ಬಂದವು. ಎರಡು ಮಳೆಗಾಲ ಕಳೆದವು, ಇವತ್ತಿಗೂ ಅಶ್ವತ್ಥಮ್ಮ ಎದುರು ಬಂದರೆ ಗಾಜಿಗೆ ಮೂತಿ ಒತ್ತಿ ಊಟ ಕೇಳುತ್ತವೆ. ಕಲ್ಲಿನ ಮೇಲೆ ಅಂಗಿ ಗುಂಡಿಯಷ್ಟಗಲದ ಹವಳವೂ ಅರಳಿದೆ.

ದೀಪ ಹಚ್ಚಿದ ಮೇಲೆ ಆ ಮನೆಯಿಂದ ಉಪ್ಪು, ಮೊಸರು ಇವತ್ತಿಗೂ ಆಚೆ ಹೋಗೋದಿಲ್ಲ. ಆದರೆ ಕಡ್ಡಿ ಗೀರುವ ಮುಂಚೆ ಅಶ್ವತ್ಥಮ್ಮ ಒಂದು ಸಲ ಗೇಟಿನವರೆಗೂ ಹೋಗಿ, ಯಾರಾದರೂ ಬರ್ತಾವ್ರೇನೋ ಅಂತ ಬೀದಿ ನೋಡಿ ಬರುತ್ತಾರೆ.